ತುಮಕೂರಿನಲ್ಲಿ ಎಚ್‌ಐಡಿ ಟಾರ್ಚ್ ಮಾರ್ಪಾಡು: ಒಂದು ಲೇತ್ ವರ್ಕ್‌ಶಾಪಿನ ಕೆಲಸದ ವಿಮರ್ಶೆ

ಹಳೆಯ ಎಚ್‌ಐಡಿ (ಹೈ ಇಂಟೆನ್ಸಿಟಿ ಡಿಸ್ಚಾರ್ಜ್, ಅಂದರೆ ತಂತಿಯ ಬದಲು ವಿದ್ಯುತ್ ಕಿಡಿಯಿಂದ ಬೆಳಗುವ) ಟಾರ್ಚುಗಳನ್ನು ಬಿಚ್ಚಿ, ಬಲ್ಬ್ ಬದಲಿಸಿ, ಹೊಸ ಬ್ಯಾಟರಿ ಪ್ಯಾಕ್ ಹಾಕಿ, ಚದುರಿಹೋದ ಬೆಳಕನ್ನು ಮತ್ತೆ ಹದಕ್ಕೆ ತಂದುಕೊಡುವ ಸಣ್ಣ ವರ್ಕ್‌ಶಾಪೊಂದು ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿದೆ. ಬಾಗಿಲ ಮೇಲೆ ಬೋರ್ಡ್ ಇಲ್ಲ. ಬೋರ್‌ವೆಲ್ ಮೋಟಾರುಗಳ ಶಾಫ್ಟು, ಬುಷ್ಷುಗಳನ್ನು ಲೇತ್‌ನಲ್ಲಿ ತಿರುವಿಕೊಡುವುದು ಅವರ ಮುಖ್ಯ ಕಸುಬು. ಟಾರ್ಚಿನ ಕೆಲಸವನ್ನು ಸಂಜೆಯ ಮೇಲೆ, ಅದರಲ್ಲಿ ನಿಜವಾದ ಆಸಕ್ತಿಯಿದ್ದು ಮಾಡುತ್ತಾರೆ. ನನ್ನ ಟಾರ್ಚನ್ನು ಅಲ್ಲಿ ಮಾಡಿಸಿಕೊಂಡು, ಗುಬ್ಬಿ ತಾಲ್ಲೂಕಿನ ನಮ್ಮ ತೋಟದಲ್ಲಿ ಮಳೆಗಾಲವನ್ನೂ ಬೇಸಿಗೆಯನ್ನೂ ಕಳೆದ ನಂತರ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕೆಲಸದಲ್ಲಿ ನಾವು ಕೊಡುವ ಹಣಕ್ಕೆ ಬೆಲೆ ಬರುವುದು ಬಲ್ಬನ್ನು ರಿಫ್ಲೆಕ್ಟರಿನ ಫೋಕಸ್‌ನಲ್ಲಿ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂರಿಸುವುದರಿಂದ, ಮತ್ತು ಆ ಒಂದು ಕೆಲಸವನ್ನು ಇವರು ಬಹಳ ಚೆನ್ನಾಗಿ ಮಾಡುತ್ತಾರೆ.

ಇಷ್ಟು ಪ್ರಖರವಾದ ಟಾರ್ಚು ಯಾರಿಗೆ ಬೇಕು ಎಂದು ಕೇಳುವವರಿಗೆ ನಮ್ಮ ಕಡೆಯ ರಾತ್ರಿಗಳ ಪರಿಚಯವಿರಲಾರದು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ತೆಂಗಿಗೂ ಅಡಿಕೆಗೂ ನೀರು ತಿರುಗಿಸಲು ತೋಟಕ್ಕೆ ಹೋಗಲೇಬೇಕು. ದೇವರಾಯನದುರ್ಗದ ಕಾಡಿನಿಂದ ಹಿಡಿದು ಗುಬ್ಬಿ, ಕುಣಿಗಲ್ ಕಡೆಯ ಗುಡ್ಡಗಳವರೆಗೆ ಚಿರತೆಯ ಓಡಾಟವಿದೆ. ಕಲ್ಲುಬಂಡೆಯ ಗುಡ್ಡಗಳಿರುವ ಕಡೆಯಲ್ಲೆಲ್ಲ ಕರಡಿಯ ಭಯವೂ ಉಂಟು. ಮೊಬೈಲಿನ ಬೆಳಕು ಕಾಲ ಬುಡದ ಹಾವನ್ನು ತೋರಿಸೀತು, ತೋಟದ ಆ ತುದಿಯಲ್ಲಿ ಬದುವಿನ ಮೇಲೆ ನಿಂತಿರುವುದು ನಾಯಿಯೋ ಬೇರೆಯದೋ ಎಂಬುದನ್ನು ತೋರಿಸಲಾರದು. ಹೆಜ್ಜೆ ಮುಂದಿಡುವ ಮೊದಲು ಅಷ್ಟು ದೂರವನ್ನು ಒಮ್ಮೆ ನೋಡಿಕೊಳ್ಳುವ ಅನುಕೂಲವೇ ಈ ಟಾರ್ಚಿನಿಂದ ನಮಗೆ ಆಗಬೇಕಾದದ್ದು.

ನಾನು ಕೊಟ್ಟದ್ದು ಪಿಸ್ತೂಲಿನ ಹಿಡಿಯಿರುವ, 35 ವ್ಯಾಟಿನ, ಹೊರದೇಶದಿಂದ ಬಂದ ಹಳೆಯ ಸರ್ಚ್‌ಲೈಟು. ಅದರ ರಿಫ್ಲೆಕ್ಟರು ಸುಮಾರು 12 ಸೆಂಟಿಮೀಟರ್ ಅಗಲವಿದ್ದು ಒಳಗಿನ ಹೊಳಪು ಮಾಸಿರಲಿಲ್ಲ. ಯುಪಿಎಸ್‌ಗಳಲ್ಲಿ ಬರುವಂಥ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಮಾತ್ರ ಸತ್ತುಹೋಗಿತ್ತು. ಬಲ್ಬು ಕಾರುಗಳಿಗೆ ಮಾರುವ ಅಗ್ಗದ ಕಿಟ್ಟುಗಳಲ್ಲಿ ಸಿಗುವ ಜಾತಿಯದು. ಎಚ್‌ಐಡಿ ಕೊಳವೆಯನ್ನು ಹ್ಯಾಲೊಜನ್ ಬಲ್ಬಿನ ಎಚ್1 ಬುಡಕ್ಕೆ ಗಾರೆಯಂಥ ಅಂಟಿನಿಂದ ಕೂರಿಸಿದ್ದರು. ಆ ಕೊಳವೆ ಒಂದು ಪಕ್ಕಕ್ಕೆ ವಾಲಿರುವುದು ಬರಿಗಣ್ಣಿಗೇ ಕಾಣುತ್ತಿತ್ತು. ಗೋಡೆಗೆ ಬಿಟ್ಟರೆ ಅಗಲವಾದ ಬಿಳಿಯ ಮಚ್ಚೆ, ಅದರ ನಟ್ಟನಡುವೆ ಮಸುಕು, ಬಲಗಡೆ ಒಂದು ಬಾಲ. ಹತ್ತಿರಕ್ಕೆ ಹಗಲಿನಂತಿದ್ದರೂ ದೂರಕ್ಕೆ ಹೋಗುತ್ತಿರಲಿಲ್ಲ.

ಇವರು ಮಾಡುವ ಕೆಲಸದ ಬೆಲೆ ತಿಳಿಯಬೇಕಾದರೆ ಎಚ್‌ಐಡಿ ಬಲ್ಬಿನ ಒಳಗೆ ಏನಿದೆ ಎಂಬುದನ್ನು ಸ್ವಲ್ಪ ನೋಡಬೇಕು. ಇದರಲ್ಲಿ ಕಾಯ್ದು ಹೊಳೆಯುವ ತಂತಿ ಇರುವುದಿಲ್ಲ. ಬಟಾಣಿ ಗಾತ್ರದ ಕ್ವಾರ್ಟ್ಜ್ ಗೂಡಿನೊಳಗೆ ಎರಡು ಟಂಗ್‌ಸ್ಟನ್ ಎಲೆಕ್ಟ್ರೋಡುಗಳು ಎದುರುಬದುರಾಗಿರುತ್ತವೆ. ಕಾರಿನ ಡಿ2ಎಸ್ ಎಂಬ ಮಾದರಿಯ ಬಲ್ಬಿನಲ್ಲಿ ಅವುಗಳ ನಡುವಿನ ಅಂತರ 4.2 ಮಿಲಿಮೀಟರ್. ಗೂಡಿನಲ್ಲಿ ಒತ್ತಿ ತುಂಬಿದ ಕ್ಸೆನಾನ್ ಅನಿಲ, ಸೋಡಿಯಂ ಮತ್ತು ಸ್ಕ್ಯಾಂಡಿಯಂ ಅಯೊಡೈಡ್‌ಗಳ ಲವಣ, ಜೊತೆಗೆ ಚೂರು ಪಾದರಸ ಇರುತ್ತದೆ. ಇಗ್ನೈಟರ್ 20,000 ವೋಲ್ಟಿಗೂ ಮೀರಿದ ಒಂದು ಹೊಡೆತ ಕೊಟ್ಟಾಗ ಎಲೆಕ್ಟ್ರೋಡುಗಳ ನಡುವೆ ಕಿಡಿ ಹಾರಿ ಆರ್ಕ್ (ಬಿಡದೆ ಉರಿಯುವ ವಿದ್ಯುತ್ ಕಿಡಿ) ಹೊತ್ತಿಕೊಳ್ಳುತ್ತದೆ. ಆಮೇಲೆ ಅದು ಸುಮಾರು 85 ವೋಲ್ಟಿನಲ್ಲಿ ಉರಿಯುತ್ತಾ ಹೋಗುವಂತೆ ಬ್ಯಾಲಸ್ಟ್ ಎಂಬ ಸರ್ಕ್ಯೂಟು ಕರೆಂಟನ್ನು ಹಿಡಿದಿಡುತ್ತದೆ. ಹಚ್ಚಿದ ಗಳಿಗೆಯಲ್ಲಿ ಕಾಣುವ ನೀಲಿಛಾಯೆಯ ಬೆಳಕು ಕ್ಸೆನಾನಿನದು. ಗೂಡು ಕಾಯ್ದು ಲವಣಗಳು ಆವಿಯಾದ ಮೇಲಷ್ಟೇ ಪೂರ್ಣ ಬೆಳಕು ಬರುತ್ತದೆ, ಅದಕ್ಕೆ ಕೆಲವು ಸೆಕೆಂಡುಗಳು ಬೇಕು. 1991ರಲ್ಲಿ ಬಿಎಂಡಬ್ಲ್ಯೂ 7 ಸೀರೀಸ್ ಕಾರಿನೊಂದಿಗೆ ರಸ್ತೆಗಿಳಿದ ಈ ತಂತ್ರ ಬಹುಕಾಲ ದುಬಾರಿ ಕಾರುಗಳ ಗುರುತಾಗಿತ್ತು. 55 ವ್ಯಾಟಿನ ಎಚ್7 ಹ್ಯಾಲೊಜನ್ ಬಲ್ಬು 1500 ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ) ಕೊಟ್ಟರೆ 35 ವ್ಯಾಟಿನ ಡಿ2ಎಸ್ 3200 ಲ್ಯೂಮೆನ್‌ನಷ್ಟು ಕೊಡುತ್ತದೆ ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು.

ಮೊದಲು ಬಲ್ಬಿನ ಆಯ್ಕೆಯ ವಿಷಯ. ವರ್ಕ್‌ಶಾಪಿನವರು ಕಿಟ್ ಬಲ್ಬುಗಳನ್ನು ಮುಟ್ಟುವುದೇ ಇಲ್ಲ. ಕಾರು ಕಂಪನಿಗಳಿಗೆ ಬಲ್ಬ್ ಒದಗಿಸುವ ಹೆಸರಾಂತ ತಯಾರಕರ 4300 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನ ಡಿ2ಎಸ್ ಬಲ್ಬನ್ನೇ ತರಿಸಿ ಅಥವಾ ಗಿರಾಕಿಯಿಂದ ತರಿಸಿಕೊಂಡು ಹಾಕುತ್ತಾರೆ. ಡಿ2ಆರ್ ಎಂಬ ಇನ್ನೊಂದು ಜಾತಿಯಿದೆ, ನೋಡಲು ಹೆಚ್ಚುಕಡಿಮೆ ಒಂದೇ. ಆದರೆ ಎದುರಿನ ವಾಹನಗಳ ಕಣ್ಣು ಕುಕ್ಕದಿರಲೆಂದು ಅದರ ಗಾಜಿನ ಮೇಲೆ ಕಪ್ಪು ಪಟ್ಟಿ ಬಳಿದಿರುತ್ತಾರೆ. ಟಾರ್ಚಿನಲ್ಲಿ ಆ ಪಟ್ಟಿ ಬೆಳಕನ್ನು ಸುಮ್ಮನೆ ನುಂಗುತ್ತದೆ. ಪಾದರಸವಿಲ್ಲದ ಡಿ4ಎಸ್ ಪರಿಸರದ ದೃಷ್ಟಿಯಿಂದ ಮೇಲಾದರೂ ಅದು ಸುಮಾರು 42 ವೋಲ್ಟಿನಲ್ಲಿ ಉರಿಯುವಂಥದ್ದು, ಹಾಗಾಗಿ ಡಿ2ಎಸ್ ಬ್ಯಾಲಸ್ಟಿಗೆ ಹೊಂದುವುದಿಲ್ಲ. ಬಣ್ಣದ ವಿಷಯದಲ್ಲಿ ಅವರು ರಾಜಿಯಾಗುವುದಿಲ್ಲ. ನಾನಿದ್ದಾಗಲೇ ಒಬ್ಬ ಯುವಕ 8000 ಕೆಲ್ವಿನ್‌ನ ನೀಲಿ ಬಲ್ಬು ಹಾಕಿಕೊಡಿ ಎಂದು ಕೇಳಿದಾಗ, ಬಣ್ಣ ನೀಲಿಗೆ ತಿರುಗಿದಷ್ಟೂ ಲ್ಯೂಮೆನ್ ಇಳಿಯುತ್ತದೆ, ಮಂಜಿನಲ್ಲಿ ನಿಮ್ಮ ಬೆಳಕು ನಿಮ್ಮ ಕಣ್ಣಿಗೇ ಹೊಡೆಯುತ್ತದೆ ಎಂದು ತಾಳ್ಮೆಯಿಂದ ಹೇಳಿ ಕಳಿಸಿದರು. ಬಂದ ಗಿರಾಕಿಯನ್ನು ಕಳೆದುಕೊಂಡರೂ ಚಿಂತೆಯಿಲ್ಲ, ತಪ್ಪು ಕೆಲಸ ಮಾಡಿಕೊಡುವುದಿಲ್ಲ ಎಂಬ ಈ ನಿಲುವು ನನಗೆ ತುಂಬ ಹಿಡಿಸಿತು.

ಇನ್ನು ಬಲ್ಬನ್ನು ಕೂರಿಸುವ ಕೆಲಸ. ಡಿ2ಎಸ್ ಬಲ್ಬಿನ ಬುಡದ ಆಧಾರತಲದಿಂದ ಆರ್ಕ್‌ನ ನಡುಮಧ್ಯಕ್ಕೆ 27.1 ಮಿಲಿಮೀಟರ್ ಇರುತ್ತದೆ, ಎಚ್1 ಹ್ಯಾಲೊಜನ್‌ನಲ್ಲಿ ತಂತಿಯವರೆಗಿನ ಅಳತೆ 25 ಮಿಲಿಮೀಟರ್. ಎಚ್1ಗೆಂದು ಮಾಡಿದ ಗೂಡಿನಲ್ಲಿ ಡಿ2ಎಸ್ ಬಲ್ಬನ್ನು ಹೇಗೋ ತುರುಕಿದರೆ ಬೆಳಕಿನ ಮೂಲವು ಫೋಕಸ್‌ನಿಂದ 2 ಮಿಲಿಮೀಟರಿನಷ್ಟು ಮುಂದಕ್ಕೆ ನಿಲ್ಲುತ್ತದೆ. ಕೇಳುವುದಕ್ಕೆ ಇದು ಏನೂ ಅಲ್ಲ ಎನಿಸುತ್ತದೆ. ಆದರೆ ಮೂಲವು ಅಕ್ಷದ ಉದ್ದಕ್ಕೆ ಹಿಂದೆಮುಂದೆ ಸರಿದರೆ ಬೆಳಕು ಉಂಗುರವಾಗಿ ಬಿಚ್ಚಿಕೊಂಡು ನಡುವೆ ಕತ್ತಲು ಉಳಿಯುತ್ತದೆ. ಅಕ್ಕಪಕ್ಕಕ್ಕೆ ಸರಿದರೆ ಕಿರಣವೇ ಓರೆಯಾಗುತ್ತದೆ. ರಿಫ್ಲೆಕ್ಟರಿನ ಫೋಕಲ್ ಉದ್ದ 25 ಮಿಲಿಮೀಟರ್ ಎಂದಿಟ್ಟುಕೊಂಡರೆ, ಆರ್ಕ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ವಾಲಿದಾಗ ಕಿರಣ ಸುಮಾರು ಎರಡು ಡಿಗ್ರಿ ತಿರುಗಿ, 500 ಮೀಟರ್ ದೂರದಲ್ಲಿ 20 ಮೀಟರ್ ಆಚೆ ಹೋಗಿ ಬೀಳುತ್ತದೆ. ನನ್ನ ಹಳೆಯ ಬಲ್ಬಿನ ಮಸುಕಿಗೂ ಬಾಲಕ್ಕೂ ಇವೆರಡೇ ಕಾರಣ.

ಇದನ್ನು ಸರಿಪಡಿಸಲು ಅವರು ಮಾಡುವ ಹೋಲ್ಡರು ನೋಡುವಂತಿರುತ್ತದೆ. ಅಲ್ಯೂಮಿನಿಯಂ ರಾಡಿನಿಂದ ಎರಡು ತುಂಡುಗಳನ್ನು ತಿರುವುತ್ತಾರೆ: ರಿಫ್ಲೆಕ್ಟರಿನ ಹಿಂಬದಿಗೆ ಬಿಗಿಯುವ ಹೊರಬಳೆ ಒಂದು, ಅದರೊಳಗೆ ಸ್ಕ್ರೂವಿನಂಥ ಥ್ರೆಡ್ಡಿನ ಮೇಲೆ ಹಿಂದೆಮುಂದೆ ಸರಿಯುವ ಒಳಬಳೆ ಇನ್ನೊಂದು. ಒಳಬಳೆಯಲ್ಲಿ ಡಿ2ಎಸ್ ಬಲ್ಬಿನ ಬುಡಕ್ಕೆ ಹೊಂದುವ ಕಚ್ಚುಗಳಿರುತ್ತವೆ. ಥ್ರೆಡ್ಡಿನ ಪಿಚ್ (ಎಳೆಯಿಂದ ಎಳೆಗಿರುವ ಅಂತರ) 1 ಮಿಲಿಮೀಟರ್, ಹಾಗಾಗಿ ಕಾಲು ಸುತ್ತು ತಿರುಗಿಸಿದರೆ ಬಲ್ಬು ಕಾಲು ಮಿಲಿಮೀಟರ್ ಸರಿಯುತ್ತದೆ. ಸುತ್ತಲೂ ಮೂರು ಕಡೆ ತಲೆಯಿಲ್ಲದ ಸಣ್ಣ ಗ್ರಬ್ ಸ್ಕ್ರೂಗಳನ್ನು ಹಾಕಿ ಅಕ್ಕಪಕ್ಕದ ವಾಲನ್ನು ತಿದ್ದುತ್ತಾರೆ. ಈ ಕೆಲಸ ಮಾಡುವ ಹಿರಿಯರು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಪಳಗಿದವರು. 1978ರಲ್ಲಿ ಶುರುವಾದ ಆ ಕಾರ್ಖಾನೆ 2016ರಲ್ಲಿ ಮುಚ್ಚಿಹೋದರೂ ಅಲ್ಲಿ ಕಲಿತ ಕೈಗಳು ಊರಿನ ಸಣ್ಣಪುಟ್ಟ ಶೆಡ್ಡುಗಳಲ್ಲಿ ಇನ್ನೂ ಕೆಲಸ ಮಾಡುತ್ತಿರುವುದು ತುಮಕೂರಿನ ಪುಣ್ಯವೆಂದೇ ನನ್ನ ಭಾವನೆ.

ಹೋಲ್ಡರು ತಯಾರಾದ ಮೇಲೆ ಟ್ಯೂನಿಂಗ್ ನಡೆಯುವುದು ಕತ್ತಲಾದ ನಂತರ. ಟಾರ್ಚನ್ನು ವಿ-ಬ್ಲಾಕಿನ ಮೇಲೆ ಮಲಗಿಸಿ ಕಾಂಪೌಂಡಿನ ಆಚೆ ತುದಿಯ ಸುಣ್ಣದ ಗೋಡೆಗೆ ಬಿಡುತ್ತಾರೆ. ವೆಲ್ಡಿಂಗ್ ಗಾಜನ್ನು ಕಣ್ಣಿಗೆ ಹಿಡಿದು ಗೋಡೆಯ ಮಚ್ಚೆಯನ್ನು ನೋಡುತ್ತಾ, ಇನ್ನೊಂದು ಕೈಯಿಂದ ಒಳಬಳೆಯನ್ನು ಇಷ್ಟಿಷ್ಟೇ ತಿರುಗಿಸುತ್ತಾರೆ. ಮೊದಲು ಕಪ್ಪು ನಡುವಿನ ಉಂಗುರ ಕಂಡಿತು. ಬಳೆ ತಿರುಗಿದಂತೆ ಉಂಗುರ ಕಿರಿದಾಗುತ್ತಾ ನಡುವಿನ ಕಪ್ಪು ಮುಚ್ಚಿಕೊಂಡಿತು. ಇನ್ನೊಂದಿಷ್ಟು ತಿರುಗಿಸಿದಾಗ ಎಲ್ಲವೂ ಒಟ್ಟುಗೂಡಿ ಕಿರಿದಾದ, ತೀಕ್ಷ್ಣವಾದ ಬೊಟ್ಟಾಯಿತು. ದಾಟಿ ಹೋದರೆ ಮತ್ತೆ ಹಿಗ್ಗಿತು. ಆಗ ಅವರು ನನ್ನನ್ನು ಕೇಳಿದ ಪ್ರಶ್ನೆ: ನಿಮಗೆ ದೂರ ಮುಖ್ಯವೋ, ಹರವು ಮುಖ್ಯವೋ? ಆರ್ಕ್ ತನ್ನ ಉದ್ದಕ್ಕೂ ಒಂದೇ ಸಮನೆ ಹೊಳೆಯುವುದಿಲ್ಲ, ಎಲೆಕ್ಟ್ರೋಡುಗಳ ತುದಿಯ ಬಳಿ ಹೊಳಪು ಹೆಚ್ಚು. ಆ ಹೊಳೆಯುವ ಜಾಗವನ್ನು ಫೋಕಸ್‌ಗೆ ತಂದರೆ ಬೆಳಕು ಬಲು ದೂರ ಹೋಗುತ್ತದೆ, ಆರ್ಕ್‌ನ ನಡುವನ್ನು ತಂದರೆ ಮಚ್ಚೆ ದೊಡ್ಡದಾಗಿ, ಏಕರೂಪವಾಗಿ ಬೀಳುತ್ತದೆ. ನಾನು ದೂರವನ್ನು ಆರಿಸಿಕೊಂಡೆ. ಗಿರಾಕಿಯ ಬಳಕೆ ಏನೆಂದು ಕೇಳಿ ಅದಕ್ಕೆ ತಕ್ಕಂತೆ ಅರ್ಧ ಮಿಲಿಮೀಟರಿನ ವ್ಯತ್ಯಾಸ ಮಾಡಿಕೊಡುವ ಇಂಥ ಸೇವೆ ಸಿದ್ಧ ವಸ್ತುವಿನ ಜೊತೆ ಬರುವುದಿಲ್ಲ.

ಇನ್ನೂ ಒಂದು ಸಂಗತಿಯನ್ನು ಹೇಳಬೇಕು. ಡಿ2ಎಸ್ ಬಲ್ಬಿನ ಮುಂತುದಿಯಿಂದ ಬುಡಕ್ಕೆ ಕರೆಂಟು ಹಿಂದಿರುಗುವ ತಂತಿ, ಪಿಂಗಾಣಿ ಕೊಳವೆಯೊಳಗೆ, ಗಾಜಿನ ಪಕ್ಕದಲ್ಲೇ ಸಾಗುತ್ತದೆ. ಅದರ ನೆರಳು ರಿಫ್ಲೆಕ್ಟರಿನ ಒಂದು ಭಾಗದ ಮೇಲೆ ಬಿದ್ದೇ ಬೀಳುತ್ತದೆ. ಬಲ್ಬು ಅಡ್ಡಲಾಗಿ ಉರಿಯುವಾಗ ಒಳಗಿನ ಬಿಸಿ ಆವಿ ಮೇಲೇಳುವುದರಿಂದ ಆರ್ಕ್ ಕೂಡ ಮೇಲ್ಮುಖವಾಗಿ ಬಿಲ್ಲಿನಂತೆ ಬಾಗಿರುತ್ತದೆ. ಕಾರಿನಲ್ಲಿ ಆ ತಂತಿ ಕೆಳಗಡೆ ಇರುವಂತೆಯೇ ಬಲ್ಬಿನ ಬುಡವನ್ನು ಮಾಡಿರುತ್ತಾರೆ. ಇವರೂ ಹಿಡಿ ಕೆಳಗಿದ್ದಾಗ ತಂತಿಯೂ ಕೆಳಗೇ ಬರುವಂತೆ ಕಚ್ಚುಗಳನ್ನು ಕೊರೆದು, ಬಾಗಿದ ಆರ್ಕ್ ಅಕ್ಷಕ್ಕೆ ಬರುವಂತೆ ಬಲ್ಬನ್ನು ಕೂದಲಷ್ಟು ಕೆಳಗಿಳಿಸಿದ್ದಾರೆ. ಇದನ್ನು ನಾನು ಕೇಳಿರಲಿಲ್ಲ, ಅವರೇ ಮಾಡಿದ್ದು.

ಸುರಕ್ಷತೆಯ ವಿಷಯದಲ್ಲಿ ಇವರ ಎಚ್ಚರ ಮೆಚ್ಚತಕ್ಕದ್ದು. ಡಿ2ಎಸ್ ಬಲ್ಬಿನ ಆರ್ಕ್ ಗೂಡಿನ ಹೊರಗೆ ಇನ್ನೊಂದು ಗಾಜಿನ ಕವಚವಿರುತ್ತದೆ. ಆರ್ಕ್‌ನಿಂದ ಹೊಮ್ಮುವ ಅತಿನೇರಳೆ ಕಿರಣಗಳನ್ನು ತಡೆಯುವುದು ಅದರ ಕೆಲಸ. ಬಲ್ಬನ್ನು ಸಣ್ಣ ರಿಫ್ಲೆಕ್ಟರಿಗೆ ತೂರಿಸಬೇಕೆಂದು ಕೆಲವರು ಈ ಕವಚವನ್ನು ಕತ್ತರಿಸಿ ತೆಗೆಯುವುದುಂಟು. ಅದು ಕಣ್ಣಿಗೂ ಚರ್ಮಕ್ಕೂ ಕೇಡು, ಮುಂದಿನ ಪ್ಲಾಸ್ಟಿಕ್ ಭಾಗಗಳೂ ಹಳದಿಗಟ್ಟಿ ಬಿರುಕು ಬಿಡುತ್ತವೆ. ಇವರು ಕವಚವನ್ನು ಮುಟ್ಟುವುದಿಲ್ಲ, ಮುಂಭಾಗದ ಗಾಜಿಲ್ಲದ ಟಾರ್ಚಿನಲ್ಲಿ ಬಲ್ಬು ಹಚ್ಚುವುದೂ ಇಲ್ಲ. ಉರಿಯುವಾಗ ಗೂಡಿನೊಳಗಿನ ಒತ್ತಡ ವಾತಾವರಣದ ಒತ್ತಡದ ಹತ್ತಾರು ಪಟ್ಟು ಇರುವುದರಿಂದ, ಅಪರೂಪಕ್ಕೆ ಬಲ್ಬು ಸಿಡಿದರೂ ಚೂರುಗಳನ್ನು ಆ ಗಾಜು ತಡೆಯಬೇಕು. ಇಗ್ನೈಟರಿನಿಂದ ಬಲ್ಬಿಗೆ ಹೋಗುವ ವೈರನ್ನು ಆದಷ್ಟು ಗಿಡ್ಡ ಮಾಡಿ, ದಪ್ಪ ಸಿಲಿಕಾನ್ ತೋಳು ಹಾಕಿ, ಅಲ್ಯೂಮಿನಿಯಂ ಮೈಯಿಂದ ದೂರವಿರುವಂತೆ ಕಟ್ಟಿದ್ದಾರೆ. ಮಳೆಯಲ್ಲಿ ನೆನೆದ ಕೈಯಿಂದ ಹಿಡಿಯುವ ವಸ್ತುವಿನಲ್ಲಿ 20,000 ವೋಲ್ಟ್ ಓಡಾಡುವುದಾದರೆ ಇದರಲ್ಲಿ ಎಳ್ಳಷ್ಟೂ ಅಸಡ್ಡೆ ಸಲ್ಲದು. ಬಲ್ಬನ್ನು ಬೆರಳಿನಿಂದ ಮುಟ್ಟದೆ ಟಿಶ್ಯೂ ಕಾಗದದಲ್ಲಿ ಹಿಡಿದರು, ಕೂರಿಸುವ ಮೊದಲು ಸ್ಪಿರಿಟ್‌ನಲ್ಲಿ ಒರೆಸಿದರು. ರಿಫ್ಲೆಕ್ಟರನ್ನು ಮಾತ್ರ ಯಾವ ಬಟ್ಟೆಯಿಂದಲೂ ಒರೆಸದೆ ಗಾಳಿ ಊದಿ ಧೂಳು ತೆಗೆದರು, ಏಕೆಂದರೆ ಅದರ ಅಲ್ಯೂಮಿನಿಯಂ ಲೇಪ ಒಂದು ಒರೆಸಿಗೇ ಗೀರಾಗುವಷ್ಟು ನಾಜೂಕು.

35 ವ್ಯಾಟಿನ ಬಲ್ಬಿಗೆ 55 ವ್ಯಾಟಿನ ಬ್ಯಾಲಸ್ಟ್ ಹಾಕಿ ಬೆಳಕು ಏರಿಸಿಕೊಡಿ ಎಂದು ಕೇಳುವವರೇ ಹೆಚ್ಚು ಎಂದು ಅವರು ಹೇಳಿದರು. ಹಾಗೆ ಮಾಡಿದರೆ ಆರಂಭದಲ್ಲಿ ಬೆಳಕು ಹೆಚ್ಚುವುದು ನಿಜ. ಆದರೆ ಎಲೆಕ್ಟ್ರೋಡ್ ತಂತಿ ಕ್ವಾರ್ಟ್ಜ್‌ನೊಳಗೆ ಹೋಗುವ ಬೆಸುಗೆಯ ಜಾಗ ಅತಿಯಾಗಿ ಕಾಯುತ್ತದೆ, ಎಲೆಕ್ಟ್ರೋಡು ಬೇಗ ಸವೆದು ಗೂಡಿನ ಗೋಡೆ ಕಪ್ಪಾಗುತ್ತದೆ, ಬ್ಯಾಟರಿಯೂ ಅಷ್ಟೇ ವೇಗವಾಗಿ ಖಾಲಿಯಾಗುತ್ತದೆ. ದೂರವನ್ನು ನಿರ್ಧರಿಸುವುದು ಒಟ್ಟು ಲ್ಯೂಮೆನ್‌ಗಿಂತ ಮುಖ್ಯವಾಗಿ ಆರ್ಕ್‌ನ ಹೊಳಪಿನ ಸಾಂದ್ರತೆ ಮತ್ತು ರಿಫ್ಲೆಕ್ಟರಿನ ಅಗಲ. ಫೋಕಸ್ ತಪ್ಪಿದ ಟಾರ್ಚಿಗೆ 20 ವ್ಯಾಟ್ ಹೆಚ್ಚು ಸುರಿದರೆ ದೊಡ್ಡ ಮಚ್ಚೆ ಇನ್ನಷ್ಟು ಬೆಳಗೀತು, ಅಷ್ಟೇ. ಇವರು ಅದನ್ನು ಮಾಡಿಕೊಡುವುದಿಲ್ಲ. ಹಾಗೆಯೇ ಬೈಕು, ಜೀಪುಗಳ ಮುಂಭಾಗಕ್ಕೆ ಈ ಬಲ್ಬುಗಳನ್ನು ಜೋಡಿಸಿಕೊಡುವುದಿಲ್ಲ, ಕಾಡುಪ್ರಾಣಿಯ ಬೇಟೆಗೆಂಬ ಅನುಮಾನ ಬಂದರೆ ಟಾರ್ಚನ್ನೇ ತೆಗೆದುಕೊಳ್ಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೋಡೆಗೆ ಅಂಟಿಸುವ ಚೀಟಿಯಲ್ಲ ಎಂಬುದನ್ನು ಅರಿತವರ ಬಳಿ ಕೆಲಸ ಮಾಡಿಸಿದ್ದೇನೆ ಎಂಬ ಸಮಾಧಾನ ನನಗಿದೆ.

ಬ್ಯಾಟರಿಯ ಭಾಗದಲ್ಲಿ ಮಾತ್ರ ನನಗೆ ತೊಂದರೆಯಾಯಿತು. ಬ್ಯಾಲಸ್ಟಿಗೆ 9ರಿಂದ 16 ವೋಲ್ಟಿನ ಒಳಗಿನ ಪೂರೈಕೆ ಬೇಕು. ಲಿಥಿಯಂ ಅಯಾನ್ ಸೆಲ್ಲುಗಳನ್ನು ನಾಲ್ಕರ ಸರಣಿಯಲ್ಲಿ ಜೋಡಿಸಿದರೆ ಪೂರ್ತಿ ಚಾರ್ಜಾದಾಗ 16.8 ವೋಲ್ಟಾಗಿ ಮಿತಿ ಮೀರುತ್ತದೆ. ಆದ್ದರಿಂದ ಮೂರರ ಸರಣಿ, ಅಂದರೆ ತುಂಬಿದಾಗ 12.6 ವೋಲ್ಟ್, ಸರಾಸರಿ 11.1 ವೋಲ್ಟ್, ಸರಿಯಾದ ಆಯ್ಕೆ. ಅವರು ಮೊದಲು ಕೊಟ್ಟ ಪ್ಯಾಕಿನಲ್ಲಿ 2600 ಎಂಎಎಚ್‌ನ, 18650 ಎಂಬ ಅಳತೆಯ ಸೆಲ್ಲುಗಳು ಆರು ಇದ್ದವು. ತುಂಬಿದಾಗ ಟಾರ್ಚು ಚೆನ್ನಾಗಿಯೇ ಹೊತ್ತಿಕೊಳ್ಳುತ್ತಿತ್ತು, ಅರ್ಧ ಚಾರ್ಜಿಗೆ ಇಳಿದ ಮೇಲೆ ಒಮ್ಮೆ ಮಿಂಚಿ ಆರಿಹೋಗುತ್ತಿತ್ತು. ಇದರ ಕಾರಣ ಬಲ್ಬಿನ ಸ್ವಭಾವದಲ್ಲೇ ಇದೆ. ತಣ್ಣಗಿರುವ ಬಲ್ಬನ್ನು ಬೇಗ ಕಾಯಿಸಲು ಬ್ಯಾಲಸ್ಟ್ ಮೊದಲ ಕೆಲವು ಸೆಕೆಂಡು ಬಲ್ಬಿಗೆ ಸುಮಾರು 70 ವ್ಯಾಟ್ ಹರಿಸುತ್ತದೆ. ಬ್ಯಾಟರಿಯಿಂದ ಆಗ 8 ಆಂಪಿಯರ್‌ನಷ್ಟು ಕರೆಂಟು ಎಳೆಯುವುದರಿಂದ ಎರಡೇ ಸಾಲಿನ ಪ್ಯಾಕಿನ ವೋಲ್ಟೇಜು ಕುಸಿದು ಬ್ಯಾಲಸ್ಟ್ ಕೈಬಿಡುತ್ತದೆ ಅಥವಾ ಪ್ಯಾಕಿನ ಪ್ರೊಟೆಕ್ಷನ್ ಬೋರ್ಡ್ ಟ್ರಿಪ್ ಆಗುತ್ತದೆ. ಲೇತ್‌ನಲ್ಲಿ ಅಷ್ಟು ನಿಖರವಾಗಿರುವವರು ಇದನ್ನು ಕೊಡುವ ಮೊದಲೇ ಅರ್ಧ ಚಾರ್ಜಿನಲ್ಲಿ ಪರೀಕ್ಷಿಸಬೇಕಿತ್ತು. ಹಿಂದಕ್ಕೆ ಒಯ್ದಾಗ ವಾದ ಮಾಡದೆ ಒಪ್ಪಿಕೊಂಡು, ಹೆಚ್ಚಿನ ಕರೆಂಟಿನ ಬೋರ್ಡು ಹಾಕಿ, ಇನ್ನೊಂದು ಸಾಲು ಸೇರಿಸಿ ಒಂಬತ್ತು ಸೆಲ್ಲು ಮಾಡಿದರು. ಸೆಲ್ಲುಗಳ ಬೆಲೆ ಬಿಟ್ಟು ಕೂಲಿ ಕೇಳಲಿಲ್ಲ. ಈಗ ಪ್ಯಾಕಿನಲ್ಲಿ ಸುಮಾರು 86 ವ್ಯಾಟ್ ಅವರ್ ಇದೆ. ಬ್ಯಾಲಸ್ಟಿನ ನಷ್ಟವೂ ಸೇರಿ ಟಾರ್ಚು 41 ವ್ಯಾಟಿನಷ್ಟು ಎಳೆಯುವುದರಿಂದ ಲೆಕ್ಕಕ್ಕೆ ಎರಡು ಗಂಟೆ ಬರಬೇಕು, ಬಳಕೆಯಲ್ಲಿ ಒಂದೂಮುಕ್ಕಾಲು ಗಂಟೆ ಸಿಗುತ್ತಿದೆ. ಹಳೆಯ ಬ್ಯಾಟರಿ ಒಂದೇ ಎರಡು ಕಿಲೋ ದಾಟುತ್ತಿತ್ತು, ಈ ಪ್ಯಾಕು ಅರ್ಧ ಕಿಲೋ ಒಳಗಿದೆ.

ಫಲಿತಾಂಶವನ್ನು ಬರಿ ಕಣ್ಣಂದಾಜಿಗೆ ಬಿಡಬಾರದೆಂದು, ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ತೋರಿಸುವ ಲಕ್ಸ್ ಮೀಟರಿನಿಂದ ಅಳೆದೆ. ಮಾರ್ಪಾಡಿಗೆ ಮೊದಲು 20 ಮೀಟರ್ ದೂರದಲ್ಲಿ ಮಚ್ಚೆಯ ಅತಿ ಪ್ರಕಾಶದ ಜಾಗದಲ್ಲಿ 260 ಲಕ್ಸ್ ಇತ್ತು, ಆಮೇಲೆ ಅದೇ ದೂರದಲ್ಲಿ 1000 ಲಕ್ಸ್ ಮುಟ್ಟಿತು. ದೂರದ ವರ್ಗದಿಂದ ಗುಣಿಸಿ ಕಿರಣದ ತೀವ್ರತೆಯನ್ನು ತೆಗೆದರೆ ಮೊದಲಿನದು ಸುಮಾರು 1,04,000 ಕ್ಯಾಂಡೆಲಾ, ಈಗಿನದು 4,00,000 ಕ್ಯಾಂಡೆಲಾ. ಟಾರ್ಚುಗಳ ಪೆಟ್ಟಿಗೆಯ ಮೇಲೆ ಬರೆಯುವ ಬೆಳಕಿನ ದೂರವನ್ನು ಎಎನ್‌ಎಸ್‌ಐ ಎಂಬ ಅಮೆರಿಕದ ಮಾನದಂಡದ ಪ್ರಕಾರ ಬೆಳಕು ಕಾಲು ಲಕ್ಸಿಗೆ, ಅಂದರೆ ಸ್ಥೂಲವಾಗಿ ಹುಣ್ಣಿಮೆಯ ಬೆಳದಿಂಗಳ ಮಟ್ಟಕ್ಕೆ, ಇಳಿಯುವವರೆಗೆ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಸುಮಾರು 645 ಮೀಟರ್ ಇದ್ದದ್ದು 1265 ಮೀಟರ್ ಆಗಿದೆ. ಕ್ಯಾಂಡೆಲಾ ನಾಲ್ಕು ಪಟ್ಟಾದರೆ ದೂರ ಎರಡೇ ಪಟ್ಟಾಗುತ್ತದೆ ಎಂಬುದನ್ನು ಜಾಹೀರಾತು ನೋಡಿ ಟಾರ್ಚು ಕೊಳ್ಳುವವರು ನೆನಪಿಡಬೇಕು. ಇಲ್ಲಿ ವ್ಯಾಟ್ ಒಂದಿಷ್ಟೂ ಏರಿಲ್ಲ. ಹೊಸ ಬಲ್ಬಿನ ಪಾಲು ಇದರಲ್ಲಿ ಇದ್ದೇ ಇದೆ, ಆದರೆ ಒಳಬಳೆಯನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಅಳೆದಾಗ ಅದೇ ಹೊಸ ಬಲ್ಬಿನ ಲಕ್ಸು ಅರ್ಧಕ್ಕಿಂತ ಕೆಳಗೆ ಬಂತು.

ಕಡಬದ ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಆಚೆ ದಡದ ತೆಂಗಿನ ಗರಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆದರೆ ವಸ್ತುವನ್ನು ಗುರುತಿಸುವುದಕ್ಕೆ ನಂಬಬಹುದಾದ ದೂರ ಲೆಕ್ಕದ ಅರ್ಧಕ್ಕಿಂತ ಕಡಿಮೆಯೇ. ಮಳೆ ನಿಂತ ಮೇಲೆ ಗಾಳಿಯಲ್ಲಿ ತೇವವಿದ್ದಾಗ ಬೆಳಕಿನ ಕೋಲೇ ಕಣ್ಣೆದುರು ಗೋಡೆಯಾಗಿ ನಿಲ್ಲುತ್ತದೆ. ಆಗ ಟಾರ್ಚನ್ನು ಕಣ್ಣಿನ ಮಟ್ಟದಿಂದ ಸೊಂಟಕ್ಕೆ ಇಳಿಸಿ ಹಿಡಿದರೆ ವಾಸಿ. ತೋಟದ ನಡುವೆ, ಮರಗಳ ಸಾಲಿನೊಳಗೆ, ಇಷ್ಟು ಕಿರಿದಾದ ಬೆಳಕು ಅನುಕೂಲವಲ್ಲ. ಹತ್ತಿರದ ಕೆಲಸಕ್ಕೆ ತಲೆಗೆ ಕಟ್ಟುವ ಸಣ್ಣ ಎಲ್‌ಇಡಿ ದೀಪವೊಂದು ಜೊತೆಗಿರಲೇಬೇಕು.

ಬಳಕೆಯ ಶಿಸ್ತೂ ಬೇರೆ. ಎಚ್‌ಐಡಿಯನ್ನು ಒತ್ತಿದ ಕೂಡಲೇ ಪೂರ್ತಿ ಬೆಳಕು ಬಾರದು, ಆದ್ದರಿಂದ ಸದ್ದು ಕೇಳಿದ ಮೇಲೆ ಹಚ್ಚುವುದಕ್ಕಿಂತ ತೋಟದ ಗೇಟು ದಾಟುವ ಮೊದಲೇ ಹಚ್ಚಿಕೊಳ್ಳುವುದು ಒಳ್ಳೆಯದು. ಪದೇಪದೇ ಹಚ್ಚಿ ಆರಿಸಬಾರದು. ಪ್ರತಿ ಸಲದ ಹೊಡೆತಕ್ಕೂ ಎಲೆಕ್ಟ್ರೋಡು ಒಂದಿಷ್ಟು ಸವೆಯುತ್ತದೆ. ಬಿಸಿ ಬಲ್ಬನ್ನು ಮತ್ತೆ ಹಚ್ಚಲು ಇನ್ನೂ ಹೆಚ್ಚಿನ ವೋಲ್ಟೇಜು ಬೇಕು. ಕಾರಿನ ಬ್ಯಾಲಸ್ಟುಗಳು ಅದನ್ನು ನಿಭಾಯಿಸುತ್ತವೆ ಎಂಬುದು ಹೌದಾದರೂ ಒಂದೆರಡು ನಿಮಿಷ ಆರಲು ಬಿಟ್ಟರೆ ಬಲ್ಬಿನ ಆಯುಸ್ಸು ಉಳಿಯುತ್ತದೆ. ಮನುಷ್ಯರ, ದನಗಳ, ಕಾಡುಪ್ರಾಣಿಗಳ ಕಣ್ಣಿಗೆ ನೇರವಾಗಿ ಬಿಡಬಾರದು. ಬಿ.ಎಚ್. ರಸ್ತೆಯ ಪಕ್ಕದಲ್ಲಿ ತೋಟವಿರುವವರು ರಸ್ತೆಯ ಕಡೆಗೆ ತಿರುಗಿಸುವಾಗ ಆರಿಸಿಯೇ ತಿರುಗಿಸಬೇಕು.

ಕೊರತೆಗಳನ್ನೂ ಹೇಳಲೇಬೇಕು. ಅವರು ಹಾಕಿದ ಸ್ವಿಚ್ಚು ಸಾಧಾರಣ ರಾಕರ್ ಸ್ವಿಚ್ಚು, ನೀರು ತಡೆಯುವ ರಬ್ಬರ್ ಟೊಪ್ಪಿ ಇಲ್ಲ. ಉಳಿದ ಕೆಲಸದ ಗುಣಮಟ್ಟಕ್ಕೆ ಅದು ಒಪ್ಪುವುದಿಲ್ಲ. ಲಿಖಿತ ಗ್ಯಾರಂಟಿ ಕೊಡುವುದಿಲ್ಲ, ಬಿಲ್ಲಿನಲ್ಲಿ ಯಾವ ಬಲ್ಬು, ಯಾವ ಸೆಲ್ಲು ಎಂಬ ವಿವರ ಬರೆಯುವುದಿಲ್ಲ. ನಾಳೆ ಇನ್ನೊಬ್ಬರ ಕೈಗೆ ರಿಪೇರಿಗೆ ಕೊಡಬೇಕಾಗಿ ಬಂದರೆ ಆ ವಿವರ ಬೇಕಾಗುತ್ತದೆ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ, ಅದರಲ್ಲೂ ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರುಗಳು ಕೆಟ್ಟು ಸಾಲುಗಟ್ಟಿ ಬರುವ ಕಾಲದಲ್ಲಿ ಟಾರ್ಚು ಮೂಲೆ ಸೇರುತ್ತದೆ. ಫೋನು ಮಾಡಿ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ, ಅಷ್ಟರಮಟ್ಟಿಗೆ ನೆಮ್ಮದಿ.

ಹೊಸದಾಗಿ ಟಾರ್ಚು ಕೊಳ್ಳುವವರಿಗೆ ಎಚ್‌ಐಡಿ ಕೊಳ್ಳಿರೆಂದು ನಾನು ಹೇಳುವುದಿಲ್ಲ. ಒತ್ತಿದ ಕ್ಷಣ ಹೊತ್ತುವ, ಬೆಳಕನ್ನು ಏರಿಸಿ ಇಳಿಸಬಹುದಾದ, ಬಿದ್ದರೂ ಒಡೆಯದ ಎಲ್‌ಇಡಿ ಟಾರ್ಚುಗಳು ಈಗ ಸಾಕಷ್ಟು ದೂರ ಬೆಳಗುತ್ತವೆ, ಬಹುಪಾಲು ಜನರಿಗೆ ಅದೇ ಸರಿ. ಒಳ್ಳೆಯ ದೊಡ್ಡ ರಿಫ್ಲೆಕ್ಟರು ಇರುವ ಹಳೆಯ ಎಚ್‌ಐಡಿ ಟಾರ್ಚು ಮನೆಯ ಅಟ್ಟದಲ್ಲಿ ಬಿದ್ದಿದ್ದರೆ ಲೆಕ್ಕ ಬದಲಾಗುತ್ತದೆ. ಅಷ್ಟು ಅಗಲದ ರಿಫ್ಲೆಕ್ಟರಿನ ಹೊಸ ಎಲ್‌ಇಡಿ ಸರ್ಚ್‌ಲೈಟಿಗೆ ಕೊಡುವ ಹಣಕ್ಕಿಂತ ಬಹಳ ಕಡಿಮೆಗೆ ಇದು ಮರಳಿ ಬದುಕುತ್ತದೆ, ದೂರದ ನಡುಬೊಟ್ಟಿನ ಜೊತೆಗೆ ಸುತ್ತಲಿನ ಹರವನ್ನೂ ಧಾರಾಳವಾಗಿ ಕೊಡುತ್ತದೆ. 4300 ಕೆಲ್ವಿನ್‌ನ ಬೆಳಕಿನಲ್ಲಿ ಒಣಗಿದ ಗರಿಗೂ ಪ್ರಾಣಿಯ ಮೈಬಣ್ಣಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ, ಅಗ್ಗದ ಎಲ್‌ಇಡಿಗಳ ನೀಲಿಬಿಳುಪಿನಲ್ಲಿ ಅದು ಅಷ್ಟು ಚೆನ್ನಾಗಿ ತಿಳಿಯದು.

ನನಗೆ ಹೋಲ್ಡರು, ವೈರಿಂಗು ಮತ್ತು ಟ್ಯೂನಿಂಗ್ ಸೇರಿ ಕೂಲಿ 1800 ರೂಪಾಯಿ ಆಯಿತು. ಬಲ್ಬು ಮತ್ತು ಸೆಲ್ಲುಗಳ ಬೆಲೆ ಬೇರೆ. ಬ್ಯಾಲಸ್ಟ್ ಹಳೆಯದೇ ಚೆನ್ನಾಗಿದ್ದುದರಿಂದ ಅದರ ಖರ್ಚು ಬೀಳಲಿಲ್ಲ. ಹೋಗುವವರು ಸಂಜೆ ಆರರ ನಂತರ ಹೋಗಿ, ಟಾರ್ಚಿನ ಜೊತೆ ಹಳೆಯ ಬಲ್ಬನ್ನೂ ಬ್ಯಾಲಸ್ಟಿನ ಮೇಲಿನ ಚೀಟಿಯನ್ನೂ ಕಳೆಯದೆ ಒಯ್ಯಿರಿ. ಮಾಡಿದ ಕೆಲಸದ ವಿವರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ, ಪ್ಯಾಕನ್ನು ಅರ್ಧ ಚಾರ್ಜಿನಲ್ಲಿ ಎದುರಿಗೇ ಹಚ್ಚಿ ತೋರಿಸಲು ಹೇಳಿ, ನೀರು ತಡೆಯುವ ಸ್ವಿಚ್ಚನ್ನು ನೀವೇ ಕೊಂಡೊಯ್ದು ಕೊಡಿ. ತೆಗೆದ ಹಳೆಯ ಬಲ್ಬಿನಲ್ಲಿ ಪಾದರಸ ಇರುವುದರಿಂದ ಅದನ್ನು ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ತಲುಪಿಸಿ.